ಸಂಘದ ಕೀಲಿಕೈ ಯಾರ ಹತ್ತಿರ ಇದೆ? ಜರ್ಮನಿಯಲ್ಲಿ ಕನ್ನಡ ಸಂಘ ನಡೆಸಿದ ನನ್ನ ಅನುಭವ

2018ರ ಫೆಬ್ರವರಿಯಲ್ಲಿ ಆಮ್ಟ್ಸ್‌ಗೆರಿಷ್ಟ್‌ನಿಂದ, ಅಂದರೆ ನಮ್ಮೂರಿನ ಕೋರ್ಟಿನಿಂದ, ಒಂದು ಲಕೋಟೆ ಬಂತು. ಎರಡು ಪುಟ ಜರ್ಮನ್. ಸಾರಾಂಶ ಇಷ್ಟೇ: ನಿಮ್ಮ ಸಂಘದ ಚುನಾವಣೆಯನ್ನು ನೋಂದಾಯಿಸಿಕೊಳ್ಳಲು ಆಗುವುದಿಲ್ಲ. ನಾನು ಅಧ್ಯಕ್ಷೆಯಾಗಿ ಆಗಷ್ಟೇ ಮೂರು ವಾರ ಆಗಿತ್ತು. ಶಾಲು ಹೊದಿಸಿದ್ದರು, ಫೋಟೋ ತೆಗೆದಿದ್ದರು, ತಿಪಟೂರಿನಲ್ಲಿ ಅಮ್ಮ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕೋರ್ಟಿನ ಲೆಕ್ಕದಲ್ಲಿ ಮಾತ್ರ ನಾನು ಯಾರೂ ಅಲ್ಲ.

ಕಾರಣ ಎರಡು. ನಮ್ಮ ಬೈಲಾ, ಅಂದರೆ ಸಂಘದ ನಿಯಮಾವಳಿಯ ಪ್ರಕಾರ, ಸರ್ವಸದಸ್ಯರ ಸಭೆಗೆ ಮೂರು ವಾರ ಮುಂಚೆ ಕಾಗದ ಅಥವಾ ಇಮೇಲ್ ಹೋಗಬೇಕು. ನಮ್ಮ ಕಾರ್ಯದರ್ಶಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದ, ಅದೂ ಸಂಕ್ರಾಂತಿ ಎಳ್ಳುಬೆಲ್ಲದ ಫೋಟೋಗಳ ಮಧ್ಯೆ. ಎರಡನೆಯದು, ಕಾರ್ಯಸೂಚಿಯಲ್ಲಿ ವರದಿ, ಲೆಕ್ಕಪತ್ರ, ಇತರ ವಿಷಯಗಳು, ಊಟ ಅಂತ ಇತ್ತು. ಚುನಾವಣೆ ಅನ್ನುವ ಪದವೇ ಇರಲಿಲ್ಲ. ಯಾವ ವಿಷಯದ ಮೇಲೆ ತೀರ್ಮಾನ ಆಗಬೇಕೋ ಅದನ್ನು ಸಭೆಯ ನೋಟಿಸಿನಲ್ಲೇ ಹೇಳಿರಬೇಕು ಅನ್ನುತ್ತದೆ ಜರ್ಮನಿಯ ಸಿವಿಲ್ ಕಾಯ್ದೆ. 'ಇತರ ವಿಷಯಗಳು' ಅನ್ನುವುದರೊಳಗೆ ಚುನಾವಣೆ ತುರುಕಲು ಬರುವುದಿಲ್ಲ.

ಯುಗಾದಿಗೆ ಇನ್ನು ಐದು ವಾರ ಇತ್ತು. ಹಾಲ್‌ಗೆ ಮುಂಗಡ ಕಟ್ಟಬೇಕು. ಬ್ಯಾಂಕಿನವರು ಕೋರ್ಟಿನ ರಿಜಿಸ್ಟರಿನಲ್ಲಿ ಯಾರ ಹೆಸರು ಇದೆಯೋ ಅವರನ್ನು ಮಾತ್ರ ನಂಬುತ್ತಾರೆ. ಅಲ್ಲಿದ್ದದ್ದು ಹಳೆಯ ಅಧ್ಯಕ್ಷರು ಮತ್ತು ಹಳೆಯ ಖಜಾಂಚಿ. ಅಧ್ಯಕ್ಷರು ಕೆಲಸ ಬದಲಾಯಿಸಿ ನೆದರ್ಲೆಂಡ್ಸ್‌ಗೆ ಹೋಗಿದ್ದರು. ಖಜಾಂಚಿ ಡೆಪ್ಯುಟೇಶನ್ ಮುಗಿಸಿ ಬೆಂಗಳೂರಿಗೆ ವಾಪಸ್. ಬ್ಯಾಂಕಿನ ಆ್ಯಪ್ ಇದ್ದ ಫೋನೂ ಅವನ ಜೊತೆ ವಿಮಾನ ಹತ್ತಿತ್ತು. ಸಂಘದ ಖಾತೆಯಲ್ಲಿ ದುಡ್ಡಿದೆ, ಮುಟ್ಟುವವರಿಲ್ಲ. ಕೊನೆಗೆ ಮುಂಗಡವನ್ನು ನಾನೇ ಕೈಯಿಂದ ಕಟ್ಟಿದೆ. ನನ್ನ ಯಜಮಾನರು ಏನೂ ಹೇಳಲಿಲ್ಲ. ಆದರೆ ಆ ತಿಂಗಳು ಎರಡು ಸಲ ಕೇಳಿದರು, "ಆ ದುಡ್ಡು ವಾಪಸ್ ಬರತ್ತಾ?"

ಇಲ್ಲಿಯವರ ತಮಾಷೆ ಮಾತೊಂದಿದೆ: ಮೂರು ಜನ ಜರ್ಮನ್ನರು ಸೇರಿದರೆ ಒಂದು ಫೆರೈನ್ ಹುಟ್ಟುತ್ತದೆ ಅಂತ. ಫೆರೈನ್ ಅಂದರೆ ಸಂಘ. ನೋಂದಾಯಿಸಲು ನಿಜಕ್ಕೂ ಬೇಕಾದ್ದು ಏಳು ಜನ. ನೋಟರಿ ಮುಂದೆ ಸಹಿ ಹಾಕಿ, ಕೋರ್ಟಿನ ರಿಜಿಸ್ಟರಿಗೆ ಸೇರಿ, ಆಮೇಲೆ ತೆರಿಗೆ ಇಲಾಖೆಯಿಂದ, ಅಂದರೆ ಫಿನಾನ್ಸ್‌ಆಮ್ಟ್‌ನಿಂದ, 'ಇದು ಲಾಭಕ್ಕಲ್ಲ, ಸಾರ್ವಜನಿಕ ಹಿತಕ್ಕೆ' ಅನ್ನುವ ಮಾನ್ಯತೆ ಪಡೆಯಬೇಕು. ಅದಿದ್ದರೆ ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ. ಅದು ಹೋದರೆ ಸಂಘದ ಅರ್ಧ ಪ್ರಾಣ ಹೋದ ಹಾಗೆ.

ಇಷ್ಟೆಲ್ಲ ನಮ್ಮಲ್ಲಿ ಆಗಿತ್ತು. ಸ್ಥಾಪಕರು ಸರಿಯಾಗಿಯೇ ಮಾಡಿದ್ದರು. ಸಮಸ್ಯೆ ಬೇರೆ. ವಲಸೆ ಬಂದವರ ಸಂಘದಲ್ಲಿ ಯಾರೂ ನಿಲ್ಲುವುದಿಲ್ಲ. ಬಾಷ್ ಕಂಪನಿಗೋ ಎಸ್‌ಎಪಿ ಕಂಪನಿಗೋ ಅಂತ ಬೆಂಗಳೂರಿನಿಂದ ಬರುತ್ತಾರೆ, ಎರಡು ವರ್ಷ ಚೆನ್ನಾಗಿ ಓಡಾಡುತ್ತಾರೆ, ಒಂದು ದಿನ 'ಮುಂದಿನ ವಾರ ಫ್ಲೈಟ್' ಅಂತಾರೆ. ಅವರ ಜೊತೆ ಪಾಸ್‌ವರ್ಡ್, ರಸೀದಿ ಪುಸ್ತಕ, ಸಭಾಂಗಣದವರ ಫೋನ್ ನಂಬರ್ ಎಲ್ಲ ಹೋಗುತ್ತದೆ. ನಮ್ಮ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಒಂದು ವರ್ಷ ಕಾಣೆಯಾಗಿತ್ತು. ಊರಿಗೆ ಹೋದವರೊಬ್ಬರ ಹಳೆಯ ಮನೆಯ ನೆಲಮಾಳಿಗೆಯಲ್ಲಿತ್ತು. ಹೊಸ ಬಾಡಿಗೆದಾರರು ಅದರಲ್ಲಿ ಮಕ್ಕಳ ಆಟದ ಸಾಮಾನು ತುಂಬಿಟ್ಟಿದ್ದರು.

ಚುನಾವಣೆ ಮತ್ತೆ ಮಾಡಿದೆವು. ರಿಜಿಸ್ಟರಿನಲ್ಲಿ ಹೆಸರಿದ್ದ ಹಳೆಯ ಅಧ್ಯಕ್ಷರಿಂದಲೇ ಇಮೇಲ್ ಹೊರಡಿಸಿದೆವು. ಪುಣ್ಯಾತ್ಮರು ಸಭೆಗೆ ಟ್ರೇನಿನಲ್ಲಿ ಬಂದರು. ಈ ಸಲ ಕಾರ್ಯಸೂಚಿಯ ಮೊದಲ ಸಾಲೇ ಚುನಾವಣೆ.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಮೊದಲು ಹೋದದ್ದು ನಮ್ಮ ಸಂಘದ ಹಿರಿಯರೊಬ್ಬರ ಮನೆಗೆ. ಅವರು 1980ರ ದಶಕದಲ್ಲೇ ಬಂದವರು. ಸಂಘಕ್ಕೆ ಅವರೇ ಬೇರು. ಎಷ್ಟೋ ವರ್ಷ ಲೆಕ್ಕವನ್ನೂ ಅವರೇ ಬರೆದಿದ್ದರು, ಕೆಂಪು ರಟ್ಟಿನ ಪುಸ್ತಕದಲ್ಲಿ, ಕನ್ನಡ ಅಂಕಿಯಲ್ಲಿ. ಒಂದು ಸೆಂಟ್ ಆಚೀಚೆ ಇರುತ್ತಿರಲಿಲ್ಲ. ಆದರೆ ಆ ಪುಸ್ತಕ ಓದಲು ಬರುತ್ತಿದ್ದದ್ದು ಅವರೊಬ್ಬರಿಗೇ. ಯುವ ಖಜಾಂಚಿ ಬಂದ ಮೇಲೂ ಆ ಪುಸ್ತಕ ಅವರ ಕಪಾಟಿನಲ್ಲೇ ಇತ್ತು.

ಫಿಲ್ಟರ್ ಕಾಫಿ ಕೊಟ್ಟು ಅವರು ಹೇಳಿದರು, "ನೋಡಮ್ಮಾ, ಸಂಘ ಅಂದ್ರೆ ಮನೆ ಇದ್ದ ಹಾಗೆ. ಮನೆಗೆ ಯಾರಾದ್ರೂ ಕಾನೂನು ಬರೀತಾರಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡನೇ ಲೋಟ ಕಾಫಿ ಆದಮೇಲೆ ಅಂದೆ, "ಮನೆಯಲ್ಲಿ ಆಸ್ತಿ ಪಾಲಾಗೋವಾಗ ಬರೀತಾರಲ್ವಾ ಸರ್? ನಮ್ಮಲ್ಲಿ ಪ್ರತಿ ಎರಡು ವರ್ಷಕ್ಕೆ ಪಾಲಾಗತ್ತೆ." ಅವರು ನಕ್ಕರು. ಒಪ್ಪಿದರು ಅಂತ ಹೇಳಲಾರೆ. ಪುಸ್ತಕ ಮಾತ್ರ ಕೊಟ್ಟರು.

ಅವರನ್ನು ಮೂಲೆಗೆ ಸರಿಸುವುದು ನನಗೆ ಬೇಕಿರಲಿಲ್ಲ. ಇಲ್ಲಿನ ಸಂಘಗಳಲ್ಲಿ ಕಾಸೆನ್‌ಪ್ರ್ಯೂಫರ್ ಅಂತ ಇರುತ್ತಾರೆ. ಸಮಿತಿಯ ಹೊರಗಿನ ಸದಸ್ಯರೊಬ್ಬರನ್ನೋ ಇಬ್ಬರನ್ನೋ ಸಭೆ ಆರಿಸುತ್ತದೆ, ಅವರು ವರ್ಷದ ಲೆಕ್ಕ ತಪಾಸಣೆ ಮಾಡಿ ಸಭೆಗೆ ವರದಿ ಕೊಡುತ್ತಾರೆ. ಆಮೇಲೆ ಸಭೆ ಕೈ ಎತ್ತಿ ಸಮಿತಿಗೆ ಎಂಟ್‌ಲಾಸ್ಟುಂಗ್ ಕೊಡುತ್ತದೆ. ಪದದ ಅರ್ಥ 'ಹೊರೆ ಇಳಿಸುವುದು'. ನಿಮ್ಮ ವರ್ಷದ ಲೆಕ್ಕ ನೋಡಿದೆವು, ಒಪ್ಪಿದೆವು, ಇನ್ನು ನಿಮ್ಮ ಮೇಲೆ ಹೊರೆ ಇಲ್ಲ ಅಂತ. ಹಿರಿಯರನ್ನೇ ಆ ಜಾಗಕ್ಕೆ ನಿಲ್ಲಿಸಿದೆವು. ಅವಿರೋಧ ಆಯ್ಕೆ.

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಎಲ್ಲರ ಮುಂದೆ ಓದಿದರು: "ರಾಜ್ಯೋತ್ಸವದ ಅಡುಗೆ ಖರ್ಚಿನಲ್ಲಿ 38 ಯೂರೋಗೆ ರಸೀದಿ ಇಲ್ಲ. ಖರ್ಚು ಮಾಡಿದವರು ಅಧ್ಯಕ್ಷೆ." ಟರ್ಕಿಯವರ ಅಂಗಡಿಯಲ್ಲಿ ಕೊತ್ತಂಬರಿ, ಪುದೀನ, ನಿಂಬೆಹಣ್ಣು ತಂದಿದ್ದೆ. ಚೀಟಿ ಕಳೆದುಹೋಗಿತ್ತು. ಮುಖ ಕೆಂಪಾಯಿತು. ಅಲ್ಲೇ ಪರ್ಸ್ ತೆಗೆದು 38 ಯೂರೋ ಮೇಜಿನ ಮೇಲಿಟ್ಟೆ. ಅವರು ಅದಕ್ಕೂ ರಸೀದಿ ಬರೆದುಕೊಟ್ಟರು! ಆ ವರ್ಷ ಸದಸ್ಯತ್ವ ನವೀಕರಿಸಿದವರು ಹಿಂದಿನ ವರ್ಷಕ್ಕಿಂತ ಜಾಸ್ತಿ. ಕೊತ್ತಂಬರಿಗೂ ಅದಕ್ಕೂ ಸಂಬಂಧ ಇದೆ ಅಂತಲೇ ನಾನು ನಂಬಿದ್ದೇನೆ.

ಬೈಲಾ ತಿದ್ದುವುದು ಇನ್ನೊಂದು ಕತೆ. ಹಳೆಯದರಲ್ಲಿ ಒಂದು ಕುಟುಂಬಕ್ಕೆ ಒಂದು ವೋಟು ಅಂತ ಇತ್ತು. ಸುಮ್ನೆ ಯಾರದೋ ಬೈಲಾ ನೋಡಿ ಬರೆದದ್ದಿರಬೇಕು. ಆ ಒಂದು ವೋಟು ಯಾರು ಹಾಕುತ್ತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಭೆ ನಡೆಯುವಾಗ ಹೆಂಗಸರು ಹಿಂದಿನ ಕೋಣೆಯಲ್ಲಿ ಕೋಸಂಬರಿ ಕಲಸುತ್ತಿದ್ದರು. ನಾನು ಅಧ್ಯಕ್ಷೆ, ಆದರೆ ನಮ್ಮ ಮನೆಯ ವೋಟು ನನ್ನ ಯಜಮಾನರ ಹೆಸರಿನಲ್ಲಿತ್ತು! ವಯಸ್ಕರಿಗೆಲ್ಲ ಒಂದೊಂದು ವೋಟು ಅಂತ ತಿದ್ದುಪಡಿ ತಂದೆವು. ಕಾನೂನಿನ ಪ್ರಕಾರ ಬೈಲಾ ತಿದ್ದಲು ಸಭೆಯಲ್ಲಿ ನಾಲ್ಕರಲ್ಲಿ ಮೂರು ಭಾಗ ಮತ ಬೇಕು. ಮೊದಲ ಸಲ ಬಿದ್ದುಹೋಯಿತು. ಎರಡನೇ ಸಲ ಎಷ್ಟೋ ಮನೆಗಳಿಂದ ಗಂಡಸರ ಬದಲು ಹೆಂಗಸರು ಬಂದು ಕೂತಿದ್ದರು. ಆ ದಿನ ಕೋಸಂಬರಿ ಸ್ವಲ್ಪ ತಡವಾಯಿತು, ಅಷ್ಟೇ.

ಕೋರಂ ನಿಯಮವನ್ನೂ, ಅಂದರೆ ಸಭೆಗೆ ಇಂತಿಷ್ಟು ಜನ ಬಂದಿರಲೇಬೇಕು ಅನ್ನುವುದನ್ನೂ, ಅವತ್ತೇ ತೆಗೆದೆವು. ಕಾನೂನು ಕೋರಂ ಕೇಳುವುದಿಲ್ಲ, ನಮ್ಮ ಬೈಲಾ ಕೇಳುತ್ತಿತ್ತು. ಮೂರನೇ ಒಂದು ಭಾಗ ಜನ ಬರದೆ ಎರಡು ಸಭೆ ಮುಂದೂಡಿದ್ದೆವು. ಇನ್ನೊಂದು ಉಪಾಯ ಹೇಳುತ್ತೇನೆ: ಸಭೆಯನ್ನು ಊಟಕ್ಕೆ ಮುಂಚೆ ಇಡಿ. ಊಟ ಆದಮೇಲೆ ಇಟ್ಟರೆ ಲೆಕ್ಕಪತ್ರ ಕೇಳಲು ಖಜಾಂಚಿಯ ಹೆಂಡತಿಯೂ ಉಳಿಯುವುದಿಲ್ಲ.

ಅತಿ ಕಷ್ಟದ ಪಾಠ 2019ರ ಆಗಸ್ಟ್‌ನದು. ಬೆಳಗಾವಿ, ಬಾಗಲಕೋಟೆ ಕಡೆ ಪ್ರವಾಹ. ಫೋಟೋ ನೋಡಿ ಎಲ್ಲರಿಗೂ ಸಂಕಟ. ಒಂದೇ ವಾರದಲ್ಲಿ ಸಂಘದ ಖಾತೆಗೆ 4,000 ಯೂರೋ ದಾಟಿತು. ಬಾಗಲಕೋಟೆ ಕಡೆಯ ಹುಡುಗನೊಬ್ಬ ತನ್ನೂರಿನ ಶಾಲೆ ನಡೆಸುವ ಟ್ರಸ್ಟಿಗೆ ಕಳಿಸೋಣ ಅಂದ. ನಾನೂ ಹೂಂ ಅಂದೆ. ಕಳಿಸುವ ಹಿಂದಿನ ದಿನ, ಅಭ್ಯಾಸಬಲದಿಂದ, ಬೈಲಾ ತೆಗೆದು ನೋಡಿದೆ. ನಮ್ಮ ಉದ್ದೇಶ ಅಂತ ಇದ್ದದ್ದು ಸಂಸ್ಕೃತಿ ಮಾತ್ರ. ಪ್ರವಾಹ ಪರಿಹಾರಕ್ಕೆ ಖರ್ಚು ಮಾಡಿದರೆ ಫಿನಾನ್ಸ್‌ಆಮ್ಟ್ ಮಾನ್ಯತೆಗೇ ಕುತ್ತು.

ಆ ಕಡೆಯೂ ಗೋಡೆ. ವಿದೇಶಿ ಸಂಘದಿಂದ ದುಡ್ಡು ತಗೊಳ್ಳಬೇಕಾದರೆ ಭಾರತದ ಟ್ರಸ್ಟಿಗೆ 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿ ನೋಂದಣಿಯೋ ಮುಂಚಿತ ಅನುಮತಿಯೋ ಇರಬೇಕು. ಆ ಶಾಲೆಗೆ ಎರಡೂ ಇರಲಿಲ್ಲ. ಪಾಪ, ಅವರಿಗೆ ಆ ಹೆಸರೇ ಗೊತ್ತಿರಲಿಲ್ಲ.

ಮೂರು ರಾತ್ರಿ ಸಮಿತಿ ಫೋನಿನಲ್ಲಿ ಜಗಳ ಆಡಿತು. "ಅಕ್ಕಾ, ಜನ ನೀರಲ್ಲಿದ್ದಾರೆ, ನೀವು ಬೈಲಾ ಓದ್ತಾ ಕೂತಿದ್ದೀರ" ಅಂದ ಆ ಹುಡುಗ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಅದೇ ಕಾಯ್ದೆಯೊಳಗೆ. ಹೊರದೇಶದಲ್ಲಿರುವ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಸಂಘ ಕಳಿಸಿದರೆ ವಿದೇಶಿ. ಜರ್ಮನ್ ಪಾಸ್‌ಪೋರ್ಟ್ ತಗೊಂಡವರು ಕಳಿಸಿದರೂ ವಿದೇಶಿ, ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಕೈಯಲ್ಲಿ ಇದ್ದರೂ ಅಷ್ಟೇ.

ಆದ್ದರಿಂದ ದುಡ್ಡನ್ನೆಲ್ಲ ಕೊಟ್ಟವರಿಗೇ ವಾಪಸ್ ಮಾಡಿದೆವು. ಒಬ್ಬೊಬ್ಬರಿಗೂ ಕಾಗದ. ಭಾರತದ ಪಾಸ್‌ಪೋರ್ಟ್ ಇದ್ದವರು ಶಾಲೆಯ ಟ್ರಸ್ಟಿಗೆ ನೇರವಾಗಿ ಹಾಕಿದರು, ಉಳಿದವರು ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆಗಳಿಗೆ ಕೊಟ್ಟರು. "ಕೊಟ್ಟ ದುಡ್ಡನ್ನ ವಾಪಸ್ ತಗೊಂಡ್ರೆ ಪಾಪ ಕಣಮ್ಮಾ" ಅಂತ ಒಬ್ಬ ಆಂಟಿ ಎರಡು ಸಲ ಸಂಘದ ಖಾತೆಗೇ ತಿರುಗಿ ಹಾಕಿದರು. ಮೂರನೇ ಸಲ ಅವರ ಮನೆಗೇ ಹೋಗಿ ಬಂದೆ. 2020ರ ತಿದ್ದುಪಡಿ ಬಂದಮೇಲೆ ಇನ್ನೂ ಬಿಗಿ: ವಿದೇಶಿ ದೇಣಿಗೆ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದವರು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ನಾವು ಆಮೇಲೆ ಪರಿಹಾರ ನಿಧಿ ಅನ್ನುವ ವಿಚಾರವನ್ನೇ ಕೈಬಿಟ್ಟೆವು. ಹಬ್ಬ, ನಾಟಕ, ಮಕ್ಕಳ ಶನಿವಾರದ ಕನ್ನಡ ತರಗತಿ, ಇಷ್ಟೇ ನಮ್ಮ ಕೆಲಸ.

ಹಬ್ಬಕ್ಕೂ ನೂರೆಂಟು ಕಾಗದ ಇವೆ ಅನ್ನಿ. ಸಭಾಂಗಣದಲ್ಲಿ ಸಿನಿಮಾ ಹಾಡು ಹಾಕಲು ಗೇಮಾ ಅನ್ನುವ ಸಂಗೀತ ಹಕ್ಕುಗಳ ಸಂಸ್ಥೆಗೆ ಮೊದಲೇ ತಿಳಿಸಿ ಶುಲ್ಕ ಕಟ್ಟಬೇಕು. ಬೆಂಗಳೂರಿನಿಂದ ಗಾಯಕರನ್ನು ಕರೆಸಿದರೆ ಅವರ ಸಂಭಾವನೆಯಿಂದ ತೆರಿಗೆ ಹಿಡಿದು ಕಟ್ಟುವ ಜವಾಬ್ದಾರಿಯೂ ಸಂಘದ್ದೇ. ಇದು ನಮಗೆ ಗೊತ್ತಾದದ್ದು ಗಾಯಕರು ವಾಪಸ್ ಹೋದಮೇಲೆ.

ಒಂದು ವಿಷಯದಲ್ಲಿ ನಾನು ಸೋತೆ, ವಾಟ್ಸಾಪ್. ಸದಸ್ಯರಿಗಿಂತ ಗ್ರೂಪಿನಲ್ಲಿದ್ದವರೇ ಜಾಸ್ತಿ. ಚುನಾವಣೆ ಬಂದರೆ ರಾಜಕೀಯ, ಬೇಸಿಗೆ ಬಂದರೆ ಕಾವೇರಿ. ಕೊನೆಗೆ ಅಡ್ಮಿನ್ ಮಾತ್ರ ಬರೆಯುವ ಗ್ರೂಪ್ ಮಾಡಿದೆವು. ಮರುದಿನವೇ ಬೇರೆ ಮೂರು ಗ್ರೂಪ್ ಹುಟ್ಟಿದವು. ಇರಲಿ.

ನಿಜಕ್ಕೂ ಕೈಹಿಡಿದದ್ದು ಒಂದು ಹಸಿರು ಫೈಲು. ಬ್ಯಾಂಕಿಗೆ ಇಬ್ಬರ ಸಹಿ, ಇಬ್ಬರ ಹತ್ತಿರವೂ ಆ್ಯಪ್. ಅಧ್ಯಕ್ಷರ ಚುನಾವಣೆ ಒಂದು ವರ್ಷ, ಖಜಾಂಚಿಯದು ಮರುವರ್ಷ, ಇಬ್ಬರೂ ಒಟ್ಟಿಗೆ ಹೊಸಬರಾಗದ ಹಾಗೆ. ಎರಡು ಅವಧಿ ಮುಗಿದರೆ ಇಳಿಯಲೇಬೇಕು. ಬೆಂಗಳೂರಿನ ಸೈಟ್ ಮಾರುವವರು ಸ್ಟಾಲ್ ಕೇಳಿಕೊಂಡು ಬಂದರೆ, ಅವರ ನೆಂಟರು ಸಮಿತಿಯಲ್ಲಿದ್ದರೆ, ಆ ಚರ್ಚೆ ನಡೆಯುವಾಗ ಆ ನೆಂಟರು ಆಚೆ ಹೋಗಬೇಕು. ಇದೆಲ್ಲ ಫೈಲಿನಲ್ಲಿದೆ. ಯಾವ ಸಾಮಾನು ಯಾರ ನೆಲಮಾಳಿಗೆಯಲ್ಲಿದೆ ಅನ್ನುವ ಪಟ್ಟಿಯೂ ಇದೆ.

2022ರಲ್ಲಿ ನನ್ನ ಎರಡನೇ ಅವಧಿ ಮುಗಿಯಿತು. ಹಿರಿಯರು ವರದಿ ಓದಿದರು, ಎಲ್ಲ ರಸೀದಿ ಸರಿ ಇತ್ತು. ಎಂಟ್‌ಲಾಸ್ಟುಂಗ್‌ಗೆ ಕೈ ಎತ್ತಿದರು. ಹೊಸ ಅಧ್ಯಕ್ಷ ಆದದ್ದು ಅದೇ ಬಾಗಲಕೋಟೆಯ ಹುಡುಗ. ಸಭಾಂಗಣವನ್ನು ಸಂಜೆ ಆರಕ್ಕೆ ಗುಡಿಸಿ ವಾಪಸ್ ಕೊಡಬೇಕಿತ್ತು, ನಾನು ಪೊರಕೆ ಹಿಡಿದೆ. ಅವನು ಅಡುಗೆಕೋಣೆಯಿಂದ ಕೂಗಿದ, "ಅಕ್ಕಾ, ಈ ದೊಡ್ಡ ಪಾತ್ರೆ ಈಗ ಯಾರ ಮನೆಗೆ?"

"ಫೈಲ್ ನೋಡಪ್ಪಾ" ಅಂದೆ. "ನಾಲ್ಕನೇ ಪುಟ."