ಬಿದ್ರಿ ಲೋಹವನ್ನು ಸೆಮ್-ಇಡಿಎಸ್ ಪರೀಕ್ಷೆಗೆ ಸಿದ್ಧಪಡಿಸುವ ಕ್ರಮ

ಬಿದ್ರಿ ಪಾತ್ರೆಯ ಮೂಲಲೋಹದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸತು. ಉಳಿದದ್ದು ತಾಮ್ರ, ಕೆಲವೊಮ್ಮೆ ಚೂರು ಸೀಸ, ತವರ. ಇದನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ, ಅಂದರೆ ಸೆಮ್‌ನಲ್ಲಿಟ್ಟು, ಎಲೆಕ್ಟ್ರಾನ್ ದೂಲ ಬಿದ್ದಾಗ ಹೊಮ್ಮುವ ಎಕ್ಸ್-ಕಿರಣಗಳನ್ನು ಇಡಿಎಸ್, ಅಂದರೆ ಆ ಕಿರಣಗಳನ್ನು ಶಕ್ತಿಯ ಪ್ರಕಾರ ವಿಂಗಡಿಸುವ ಡಿಟೆಕ್ಟರಿನಿಂದ ಅಳೆದರೆ ಧಾತುಗಳ ಪಟ್ಟಿ ಕೆಲವೇ ನಿಮಿಷದಲ್ಲಿ ಬರುತ್ತದೆ. ಆದರೆ ಸತು ಇರುವ ಕಡೆ ಈ ಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಲೋಹದಲ್ಲಿ ಇಲ್ಲದ ಸೋಡಿಯಂ, ಸೀಸ, ಸಿಲಿಕಾನ್ ಅದರಲ್ಲಿ ಸಲೀಸಾಗಿ ಸೇರಿಕೊಳ್ಳುತ್ತವೆ. ಕಲಬುರಗಿ, ಕಡಗಂಚಿ, ಬೀದರ್ ಕಡೆಯಿಂದ ಸಂಶೋಧನಾ ಯಂತ್ರಗಳನ್ನು ಕಾದಿರಿಸುವ ಸರ್ಕಾರಿ ತಾಣವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಬುಕ್ ಮಾಡಿ ದೂರದ ಲ್ಯಾಬಿಗೆ ಹೋಗುವವರು ತಯಾರಿಯ ಕೆಲಸವನ್ನು ಊರಲ್ಲೇ ಮುಗಿಸಿಕೊಂಡು ಹೊರಡಬೇಕು. ಅಲ್ಲಿ ಸಿಗುವ ಒಂದೆರಡು ಗಂಟೆ ಉಜ್ಜುವುದಕ್ಕಲ್ಲ.

ಮೊದಲು ನಿಮ್ಮ ಪ್ರಶ್ನೆ ಯಾವುದೆಂದು ನಿರ್ಧರಿಸಿ. ಮಿಶ್ರಲೋಹದ ಪ್ರಮಾಣ ಬೇಕೇ, ಕಪ್ಪು ಪದರದ ರಚನೆ ಬೇಕೇ, ಬೆಳ್ಳಿ ತಂತಿ ಲೋಹದಲ್ಲಿ ಹೇಗೆ ಕೂತಿದೆ ಎಂಬುದು ಬೇಕೇ? ಮೂರಕ್ಕೂ ಬೇರೆ ಬೇರೆ ತುಂಡು ಬೇಕು.

ತುಂಡು ಆರಿಸುವುದು

ಮುಗಿದ ಹೂದಾನಿಯನ್ನೋ ಹುಕ್ಕಾವನ್ನೋ ಕೊಯ್ಯಬೇಡಿ. ಎರಕ ಹೊಯ್ಯುವವರ ಬಳಿ ಮುರಿದ ತುಂಡು, ಎರಕದ ಉಳಿಕೆ ಇರುತ್ತವೆ; ಪ್ರಮಾಣ ತಿಳಿಯಲು ಅಷ್ಟು ಸಾಕು. ಕಪ್ಪು ಪದರಕ್ಕಾದರೆ 10 ಮಿಲಿಮೀಟರ್ ಚೌಕದ ಎರಡು ಚಪ್ಪಟೆ ಬಿಲ್ಲೆಗಳನ್ನು ಕೊಟ್ಟು, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ (ಅಮೋನಿಯಂ ಕ್ಲೋರೈಡ್) ಉಳಿದ ಸಾಮಾನಿನ ಜೊತೆಯಲ್ಲೇ ಕಪ್ಪು ಮಾಡಿಸಿ. ಒಂದಕ್ಕೆ ಮಾತ್ರ ಎಣ್ಣೆ ಸವರಲಿ, ಇನ್ನೊಂದಕ್ಕೆ ಬೇಡವೆಂದು ಹೇಳಿ. ಎಣ್ಣೆ ಹಚ್ಚಿದ್ದು ನಿರ್ವಾತದಲ್ಲಿ ಆವಿ ಬಿಟ್ಟು ಚೇಂಬರನ್ನು ಕೊಳೆಮಾಡುತ್ತದೆ, ದೂಲ ಬಿದ್ದ ಜಾಗದಲ್ಲಿ ಇಂಗಾಲದ ಕಲೆ ಕಟ್ಟುತ್ತದೆ. ಅದನ್ನು ಅಸಿಟೋನಿನಲ್ಲಿ, ಆಮೇಲೆ ಎಥನಾಲಿನಲ್ಲಿ ತೊಳೆದು ಒಣಗಿಸಿಯೇ ಒಳಗಿಡಬೇಕು. ಕಪ್ಪು ಪದರವಿರುವ ತುಂಡನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಬಹಳ ಹೊತ್ತು ಬಿಡಬೇಡಿ, ಪದರ ಉದುರಬಹುದು.

ಕೆತ್ತುವ ಮುಂಚೆ ವಿನ್ಯಾಸ ಕಾಣಲೆಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುವ ರೂಢಿಯಿದೆ. ಸತುವಿನ ಮೇಲೆ ಅದು ತಾಮ್ರವನ್ನು ಇಳಿಸುತ್ತದೆ. ತಂತಿ ಕೂರುವ ತೋಡಿನಲ್ಲಿ ತಾಮ್ರ ಹೆಚ್ಚು ಕಂಡರೆ ಅದು ಎರಕದ್ದೆಂದು ಒಮ್ಮೆಗೇ ಬರೆದುಬಿಡಬೇಡಿ.

ಕೊಯ್ತ, ಅಚ್ಚು, ಪಾಲಿಶ್

ಹ್ಯಾಕ್ಸಾದಿಂದ ಕೊಯ್ದರೆ ಲೋಹ ಬಿಸಿಯಾಗಿ ಹಿಸುಕಿಕೊಳ್ಳುತ್ತದೆ. ನಿಧಾನಗತಿಯ ವಜ್ರದ ಗರಗಸ ಬಳಸಿ, ಆಮೇಲೆ ತಣ್ಣಗೆ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಅಚ್ಚು ಹಾಕಿ. ಕಪ್ಪು ಪದರದ ಅಡ್ಡಕೊಯ್ತ ಬೇಕಿದ್ದರೆ ಅಚ್ಚು ಹಾಕಿದ ಮೇಲೆಯೇ ಉಜ್ಜಬೇಕು, ಇಲ್ಲವಾದರೆ ಅಂಚು ದುಂಡಾಗಿ ಪದರವೇ ಹೋಗುತ್ತದೆ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಎಪಾಕ್ಸಿ ಬೇಗ ಬಿಸಿಯೇರಿ ಗುಳ್ಳೆ ಹಿಡಿಯುತ್ತದೆ. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಕಲಸಿ ಸುರಿದು, ಒಂದು ದಿನ ಮುಟ್ಟದೆ ಬಿಡಿ. ಅಚ್ಚಿನ ವ್ಯಾಸ, ಎತ್ತರ ಎಷ್ಟಿರಬೇಕೆಂದು ಲ್ಯಾಬನ್ನು ಮೊದಲೇ ಕೇಳಿಕೊಳ್ಳಿ.

400, 800, 1200 ನಂಬರಿನ, ಅಂಗಡಿಯಲ್ಲಿ ಎಮೆರಿ ಎಂದು ಕೊಡುವ ಸಿಲಿಕಾನ್ ಕಾರ್ಬೈಡ್ ಪೇಪರು, ನಂತರ 6, 3, 1 ಮೈಕ್ರಾನ್ ವಜ್ರದ ಪೇಸ್ಟು. ಪ್ರತಿ ಹಂತದಲ್ಲೂ ತುಂಡನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಕ್ಕೆ ಹೋಗಿ. ಒತ್ತಬೇಡಿ: ಸತು ಮೆತ್ತಗಿನ ಲೋಹ, ಒತ್ತಿದರೆ ಮೂಲದಲ್ಲಿಲ್ಲದ ಅವಳಿ ಹರಳಿನ ಪಟ್ಟೆಗಳು ಏಳುತ್ತವೆ. ವಜ್ರದ ಹಂತಗಳಲ್ಲಿ ನೀರಿನ ಬದಲು ಎಥನಾಲ್ ಬಳಸಿ. ನೀರಿನಲ್ಲಿ ಸತುವಿಗೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಪರೀಕ್ಷೆಯಲ್ಲಿ ಅದೇ ಆಕ್ಸೈಡ್ ಆಗಿ ಕಾಣುತ್ತದೆ.

ಈ ಪೇಪರಿನ ಸಿಲಿಕಾನ್ ಕಾರ್ಬೈಡ್ ಕಣಗಳು ಮೆತ್ತಗಿನ ಸತುವಿನಲ್ಲಿ ಚುಚ್ಚಿಕೊಂಡು ಉಳಿಯುತ್ತವೆ. ಕೋಟೆ ಮಣ್ಣಿನ ಗುರುತು ಹುಡುಕುವವರಿಗೆ ಇದು ದೊಡ್ಡ ಮೋಸ. ಸಿಲಿಕಾನ್ ಕಂಡ ಕಣದಲ್ಲಿ ಆಮ್ಲಜನಕವೂ ಬಲವಾಗಿ ಇದೆಯೇ ನೋಡಿ. ಇಲ್ಲದೆ ಇಂಗಾಲ ಮಾತ್ರ ಇದ್ದರೆ ಅದು ಪೇಪರಿನದು.

ಎಪಾಕ್ಸಿ ವಿದ್ಯುತ್ ಹರಿಸುವುದಿಲ್ಲ. ಲೋಹದ ಮುಖದಿಂದ ಸ್ಟಬ್ಬಿನವರೆಗೆ (ತುಂಡನ್ನು ಕೂರಿಸುವ ಲೋಹದ ಪೀಠ) ಕಾರ್ಬನ್ ಟೇಪು ಎಳೆಯಿರಿ, ಇಲ್ಲವೇ ಕಾರ್ಬನ್ ಪೇಂಟ್ ಹಚ್ಚಿ. ಲ್ಯಾಬಿನಲ್ಲಿ ಬೆಳ್ಳಿ ಪೇಂಟ್ ಕೊಟ್ಟರೆ ಬೇಡವೆನ್ನಿ, ನೀವು ಹುಡುಕುತ್ತಿರುವುದೇ ಬೆಳ್ಳಿ.

ವೋಲ್ಟೇಜು ಮತ್ತು ಆಳ

ಪ್ರತಿ ಧಾತು ತನ್ನದೇ ನಿಗದಿತ ಶಕ್ತಿಗಳಲ್ಲಿ ಎಕ್ಸ್-ಕಿರಣ ಬಿಡುತ್ತದೆ; ಇವೇ ಅದರ ಗೆರೆಗಳು, ಕೆ, ಎಲ್, ಎಂ ಎಂದು ಅವುಗಳ ಗುಂಪುಗಳ ಹೆಸರು. ಸತುವಿನ ಕೆ-ಆಲ್ಫಾ ಗೆರೆ 8.64 ಕಿಲೋ ಎಲೆಕ್ಟ್ರಾನ್ ವೋಲ್ಟಿನದು. ಅದನ್ನು ಚೆನ್ನಾಗಿ ಎಬ್ಬಿಸಲು 20 ಕಿಲೋವೋಲ್ಟ್ ಬೇಕು. ಆದರೆ ಆ ವೋಲ್ಟೇಜಿನಲ್ಲಿ ದೂಲ ಸತುವಿನೊಳಗೆ ಸುಮಾರು 1.8 ಮೈಕ್ರಾನ್ ಇಳಿಯುತ್ತದೆ, 5 ಕಿಲೋವೋಲ್ಟಿನಲ್ಲಿ 0.2 ಮೈಕ್ರಾನಿನಷ್ಟೇ. ಕಪ್ಪು ಪದರ ತೆಳುವಾಗಿದ್ದರೆ 20ರಲ್ಲಿ ಸಿಗುವುದು ಪದರ ಮತ್ತು ಕೆಳಗಿನ ಲೋಹ ಎರಡರ ಕಲಬೆರಕೆ ಅಂಕಿ. ಆದ್ದರಿಂದ ಒಂದೇ ಜಾಗವನ್ನು ಎರಡು ವೋಲ್ಟೇಜಿನಲ್ಲೂ ಅಳೆಯಿರಿ. 5ರಲ್ಲಿ ಎಲ್-ಗೆರೆಗಳನ್ನೂ 20ರಲ್ಲಿ ಕೆ-ಗೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ, ಕಡಿಮೆ ವೋಲ್ಟೇಜಿನಲ್ಲಿ ಸತುವಿಗೆ ಹೋಲಿಸಿ ತಾಮ್ರ ಏರಿದ್ದರೆ ತಾಮ್ರ ಮೇಲ್ಮೈಯಲ್ಲೇ ಕೂಡಿದೆ ಎಂದರ್ಥ. ಮಣ್ಣು-ನವಸಾಗರ ಸತುವನ್ನು ಕರಗಿಸಿ ತಾಮ್ರವನ್ನು ಹಿಂದೆ ಬಿಡುವುದರಿಂದ ಹೀಗಾಗಬೇಕು ಕೂಡ.

ಇಡಿಎಸ್‌ಗೆ ಆ ಯಂತ್ರದ್ದೇ ಒಂದು ನಿಗದಿತ ವರ್ಕಿಂಗ್ ಡಿಸ್ಟೆನ್ಸ್ (ಮಸೂರದಿಂದ ತುಂಡಿಗಿರುವ ದೂರ) ಇರುತ್ತದೆ, ಹಲವು ಯಂತ್ರಗಳಲ್ಲಿ 10 ಮಿಲಿಮೀಟರಿನ ಆಸುಪಾಸು. ಚಿತ್ರ ಚೆನ್ನಾಗಿ ಬರಲೆಂದು ಅದನ್ನು ಬದಲಿಸಬಾರದು. ಡೆಡ್ ಟೈಮ್, ಅಂದರೆ ಡಿಟೆಕ್ಟರ್ ಹಿಂದಿನ ಎಣಿಕೆಯಲ್ಲಿ ತೊಡಗಿ ಹೊಸದನ್ನು ಎಣಿಸಲಾಗದ ಸಮಯ, ನೂರಕ್ಕೆ 20ರಿಂದ 40ರೊಳಗೆ ಇರಲಿ, ಪ್ರತಿ ಜಾಗಕ್ಕೆ 60ರಿಂದ 100 ಸೆಕೆಂಡ್ ಲೈವ್ ಟೈಮ್ (ನಿಜವಾಗಿ ಎಣಿಸುವ ಸಮಯ) ಕೊಡಿ.

ಸುಳ್ಳು ಹೇಳುವ ಗೆರೆಗಳು

ಸತುವಿನ ಎಲ್-ಗೆರೆ 1.01 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ, ಸೋಡಿಯಂ ಗೆರೆ 1.04ರಲ್ಲಿ (ಮುಂದಿನ ಗೆರೆಗಳ ಅಂಕಿಗಳೂ ಇದೇ ಮಾನದಲ್ಲಿ). ಡಿಟೆಕ್ಟರಿಗೆ ಇವೆರಡೂ ಒಂದೇ ದಿಬ್ಬ. ಮಣ್ಣಿನಲ್ಲಿ ಲವಣವಿದೆ ಎಂಬ ನಿರೀಕ್ಷೆ ಮನಸ್ಸಿನಲ್ಲಿದ್ದರೆ ಸಾಫ್ಟ್‌ವೇರ್ ತೋರಿಸುವ ಸೋಡಿಯಂ ಎಷ್ಟು ಚೆಂದ ಒಪ್ಪುತ್ತದೆಂದರೆ ಯಾರೂ ಪ್ರಶ್ನಿಸುವುದಿಲ್ಲ. ಸೋಡಿಯಂ ಇದೆಯೆಂದು ಹೇಳಲೇಬೇಕಾದರೆ ಹತ್ತಿರದ ಗೆರೆಗಳನ್ನೂ ಬೇರ್ಪಡಿಸಬಲ್ಲ ಡಬ್ಲ್ಯುಡಿಎಸ್ ಡಿಟೆಕ್ಟರಿನ ಅಳತೆ ಅಥವಾ ಮಣ್ಣಿನ ರಾಸಾಯನಿಕ ಪರೀಕ್ಷೆ ಮಾಡಿಸಿ.

ಬೆಳ್ಳಿ ತಂತಿ ಗಂಧಕದಿಂದ ಕಪ್ಪಾಗುತ್ತದೆ. ಗಂಧಕ 2.31, ಸೀಸದ ಎಂ-ಗೆರೆ 2.35. ಮಿಶ್ರಲೋಹದಲ್ಲಿ ಸೀಸ ಇರಬಹುದಾದ್ದರಿಂದ ಈ ಗೊಂದಲ ಬಿದ್ರಿಗೇ ಅಂಟಿಕೊಂಡದ್ದು. 20 ಕಿಲೋವೋಲ್ಟಿನಲ್ಲಿ 10.55ರ ಸೀಸದ ಎಲ್-ಗೆರೆ ಕಾಣುತ್ತದೆಯೇ ನೋಡಿ. ಅದೂ ಇದ್ದರೆ ಮಾತ್ರ ಸೀಸ. ತವರದ ಒಂದು ಗೆರೆ ಕ್ಯಾಲ್ಸಿಯಂ ಮೇಲೆ ಬೀಳುತ್ತದೆ, ಆದ್ದರಿಂದ ತವರಕ್ಕೆ 3.44ರ ಗೆರೆಯನ್ನೇ ಆಧಾರ ಮಾಡಿಕೊಳ್ಳಿ.

ಭಾರದ ಧಾತು ಹೆಚ್ಚು ಬೆಳ್ಳಗೆ ಕಾಣುವ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ ಸೀಸದ ಚುಕ್ಕೆ, ಬೆಳ್ಳಿ ತಂತಿ ಬೆಳ್ಳಗೆ ಹೊಳೆಯುತ್ತವೆ. ತಾಮ್ರ ಹೆಚ್ಚಿರುವ ಹರಳುಗಳು ಮಾತ್ರ ಎದ್ದು ಕಾಣುವುದಿಲ್ಲ: ತಾಮ್ರದ ಪರಮಾಣು ಸಂಖ್ಯೆ 29, ಸತುವಿನದು 30. ಚಿತ್ರ ಏಕರೂಪವಾಗಿದೆ ಎಂದು ಮುಂದೆ ಹೋಗದೆ ತಾಮ್ರದ ಮ್ಯಾಪ್ (ತಾಮ್ರ ಎಲ್ಲೆಲ್ಲಿದೆ ಎಂದು ತೋರಿಸುವ ಇಡಿಎಸ್ ಚಿತ್ರ) ತೆಗೆಸಿ, ಕವಲೊಡೆದ ಆಕಾರಗಳು ಅಲ್ಲಿ ಹೊರಬರುತ್ತವೆ. ಒಂದೇ ಬಿಂದುವಿನ ಅಂಕಿಯನ್ನು ಇಡೀ ಎರಕದ ಪ್ರಮಾಣವೆಂದು ಬರೆಯಬಾರದೆನ್ನುವುದು ಇದಕ್ಕೇ. ಕಡಿಮೆ ವರ್ಧನೆಯಲ್ಲಿ ಐದಾರು ಕಡೆ ವಿಸ್ತಾರ ಪ್ರದೇಶ ಅಳೆದು ಸರಾಸರಿ ತೆಗೆಯಿರಿ. ನೂರಕ್ಕೆ 0.1ಕ್ಕಿಂತ ಕಡಿಮೆಯ ಅಂಕಿ ಬಂದರೆ ಇಡಿಎಸ್ ಮಾತಿಗೆ ಬೆಲೆ ಕೊಡಬೇಡಿ.

ಶಹಾಬಾದ್ ಫರಸಿಯನ್ನೂ ಅದೇ ದಿನ ನೋಡುವುದಿದ್ದರೆ

ಈ ಫರಸಿ ಸುಣ್ಣಕಲ್ಲು, ವಿದ್ಯುತ್ ಹರಿಸದು. 60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಪಾಲಿಶ್ ಮಾಡಿ, ಸುಮಾರು 15 ನ್ಯಾನೊಮೀಟರ್ ಕಾರ್ಬನ್ ಲೇಪ ಮಾಡಿಸಿ. ಅಳತೆಗೆ ಚಿನ್ನದ ಲೇಪ ಬೇಡ. 15 ಕಿಲೋವೋಲ್ಟ್ ಸಾಕು. ದೂಲವನ್ನು ಚುಕ್ಕೆಯಾಗಿ ನಿಲ್ಲಿಸಿದರೆ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಸುಟ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 10 ಮೈಕ್ರಾನಿನಷ್ಟು ಅಗಲಿಸಿ. ಲೇಪವೇ ಇಂಗಾಲವಾದ್ದರಿಂದ ಕಲ್ಲಿನ ಇಂಗಾಲವನ್ನು ಅಳೆಯಲಾಗದು. ಶುದ್ಧ ಕ್ಯಾಲ್ಸೈಟಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ನೂರಕ್ಕೆ 56, ಉಳಿದ 44 ಡೈಆಕ್ಸೈಡ್. ಸಾಫ್ಟ್‌ವೇರ್ ಆಕ್ಸೈಡುಗಳನ್ನಷ್ಟೇ ಹಿಡಿದು ಒಟ್ಟನ್ನು ತಾನೇ 100ಕ್ಕೆ ಸರಿಹೊಂದಿಸಿ ಕ್ಯಾಲ್ಸಿಯಂ ಆಕ್ಸೈಡನ್ನು 95 ಎಂದು ತೋರಿಸಿದರೆ, ನಾರ್ಮಲೈಸ್ ಆಯ್ಕೆ ತೆಗೆಸಿ ಮತ್ತೆ ಲೆಕ್ಕ ಹಾಕಿಸಿ.

ಲ್ಯಾಬಿನಿಂದ ಹೊರಡುವಾಗ ವರ್ಡ್ ರಿಪೋರ್ಟಿನ ಜೊತೆಗೆ ಪ್ರತಿ ಜಾಗದ ಮೂಲ ಸ್ಪೆಕ್ಟ್ರಮ್ ಫೈಲು, ವೋಲ್ಟೇಜು, ಲೈವ್ ಟೈಮ್ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಗೆರೆಯೊಂದರ ಹೆಸರು ತಪ್ಪಿದ್ದು ಊರಿಗೆ ಬಂದ ಮೇಲೆ ತಿಳಿದರೂ ಆ ಫೈಲಿದ್ದರೆ ಅದನ್ನು ತಿದ್ದಿ ಲೆಕ್ಕವನ್ನು ಹೊಸದಾಗಿ ಹಾಕಬಹುದು.