ವಿಂಡೋಸ್ 11ಕ್ಕೆ ಹೋಗುವ ಮುನ್ನ ಡ್ರೈವರ್ ಎತ್ತಿಟ್ಟುಕೊಳ್ಳಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಕೊಂಡು, ಮರುದಿನವೇ ಅದನ್ನು ಚೀಲದಲ್ಲಿಟ್ಟುಕೊಂಡು ತುಮಕೂರಿನ ಬಿ.ಎಚ್. ರಸ್ತೆಯ ರಿಪೇರಿ ಅಂಗಡಿ ಹುಡುಕುವವರಿದ್ದಾರೆ. ವೈ-ಫೈ ಗುರುತೇ ಕಾಣಿಸುವುದಿಲ್ಲ, ಅಥವಾ ಸದ್ದು ಬರುವುದಿಲ್ಲ. ಕೆಟ್ಟಿರುವುದು ಯಂತ್ರವಲ್ಲ. ಅದರ ಒಂದೊಂದು ಭಾಗವನ್ನೂ ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಹೊಸ ವಿಂಡೋಸ್‌ಗೆ ಹೊಂದಿಲ್ಲ, ಅಷ್ಟೇ.

ಮೊದಲು ಮೈಕ್ರೋಸಾಫ್ಟ್‌ನದೇ ಆದ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಓಡಿಸಿ, ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವೇ ನೋಡಿ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು; ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಪ್ರೊಸೆಸರ್‌ನಿಂದ ಮೇಲಿನದಿರಬೇಕು. ತಪಾಸಣೆ ತಪ್ಪಿಸಿ ಹಾಕಿಕೊಡುವವರೂ ಇದ್ದಾರೆ, ಆದರೆ ಅಷ್ಟು ಹಳೆಯ ಮಾದರಿಗೆ ತಯಾರಕರೇ ಹೊಸ ಡ್ರೈವರ್ ಬಿಡದಿದ್ದರೆ ಅಂಗಡಿಯವರು ಎಲ್ಲಿಂದ ತರಬೇಕು?

ಅರ್ಹವಾಗಿದ್ದರೆ ಲ್ಯಾಪ್‌ಟಾಪ್ ಮಗುಚಿ, ಅಡಿಯ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆ ಬರೆದುಕೊಳ್ಳಿ. ಅಳಿಸಿಹೋಗಿದ್ದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುನ್ನವೇ ತೆರೆಯಬಹುದಾದ ಸೆಟಪ್ ಪರದೆಯಲ್ಲಿ, ಸಿಗುತ್ತದೆ. ತಯಾರಕರ ಜಾಲತಾಣದಲ್ಲಿ ಆ ಸಂಖ್ಯೆ ಕೊಟ್ಟು ವಿಂಡೋಸ್ 11ರ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು ವೈ-ಫೈಯದು. ಅದೊಂದಿದ್ದರೆ ಉಳಿದವನ್ನು ಆಮೇಲೂ ತರಿಸಿಕೊಳ್ಳಬಹುದು. ಕಡತಗಳ ಬ್ಯಾಕಪ್ ತೆಗೆಯಿರಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನು ತೆರೆಯುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ.

ಅಪ್‌ಗ್ರೇಡ್ ಮುಗಿದ ಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ತ್ರಿಕೋನ ಕಂಡಲ್ಲಿ ತೊಡಕಿದೆ. ಅದರ ಪ್ರಾಪರ್ಟೀಸ್‌ನಲ್ಲಿ ‘ಕೋಡ್ 28’ ಎಂದಿದ್ದರೆ ಡ್ರೈವರ್ ಸೇರಿಲ್ಲ ಎಂದರ್ಥ. ‘ಅನ್‌ನೋನ್ ಡಿವೈಸ್’ ಎಂದಷ್ಟೇ ಇದ್ದರೆ ಗಾಬರಿ ಬೇಡ: ಡೀಟೇಲ್ಸ್ ಪುಟದಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿ. ‘ವಿಇಎನ್’ ಅಕ್ಷರಗಳ ನಂತರದ ನಾಲ್ಕು ಚಿಹ್ನೆಗಳು ತಯಾರಕರ ಗುರುತು. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್. ಯಾರ ಡ್ರೈವರ್ ಹುಡುಕಬೇಕೆಂಬುದು ಅಲ್ಲಿಗೆ ತಿಳಿಯಿತು.

ಇಂಟರ್‌ನೆಟ್ಟೇ ಇಲ್ಲವೇ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಬಳಿಕ ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿರುವ ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೆ ಇಣುಕಿ ನೋಡಿ. ಬೇಕಾದ ಡ್ರೈವರ್ ಎಷ್ಟೋ ಸಲ ಅಲ್ಲೇ ಕಾದಿರುತ್ತದೆ. ಒಂದೇ ಗುಂಡಿಯಲ್ಲಿ ಎಲ್ಲ ಡ್ರೈವರ್ ಸರಿಪಡಿಸುತ್ತೇವೆನ್ನುವ ಆ್ಯಪ್‌ಗಳ ಸಹವಾಸ ಮಾತ್ರ ಬೇಡ. ಅವುಗಳಲ್ಲಿ ಹಲವು ತಂದು ಸುರಿಯುವುದು ಜಾಹೀರಾತು ಮತ್ತು ಇನ್ನಷ್ಟು ತೊಂದರೆ.

ಹೆಚ್ಚು ಕಾಡುವುದು ಹೊರಗಿನಿಂದ ಜೋಡಿಸುವ ಸಾಧನಗಳು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ; 32 ಬಿಟ್ ಡ್ರೈವರ್ ಅದರಲ್ಲಿ ನಡೆಯದು. ಡಿಟಿಪಿ ಅಂಗಡಿಯ ಹಳೆಯ ಪ್ರಿಂಟರ್, ಗ್ರಾಮ ಒನ್ ಕೇಂದ್ರದ ಬೆರಳಚ್ಚು ಯಂತ್ರ ನಿಂತರೆ ಅಂದಿನ ಸಂಪಾದನೆಯೂ ನಿಂತಂತೆ. ಅಂಥವರು ಆ ಸಾಧನದ ಮಾದರಿ ಸಂಖ್ಯೆಗೆ 64 ಬಿಟ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಂಡು ಮುಂದುವರಿಯಬೇಕು.

ಯಾವುದೂ ಕೈಗೂಡದಿದ್ದರೆ ವಿಂಡೋಸ್ 10ಕ್ಕೆ ಮರಳಲು ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಇದೆ. ಅದು ಸಿಗುವುದು ಅಪ್‌ಗ್ರೇಡ್ ಆದ 10 ದಿನಗಳವರೆಗೆ ಮಾತ್ರ. ಜಾಗ ಉಳಿಸಲೆಂದು ಹಳೆಯ ವಿಂಡೋಸ್ ಉಳಿದಿರುವ ‘ವಿಂಡೋಸ್.ಓಲ್ಡ್’ ಫೋಲ್ಡರ್ ಅಳಿಸಿದರೆ ಅದೂ ಇಲ್ಲ. ಹಿಂದಿರುಗಿದವರು, ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ಅಪ್‌ಡೇಟ್ (ಇಎಸ್‌ಯು) ಯೋಜನೆಗೆ ನೋಂದಾಯಿಸಿಕೊಳ್ಳಿ. ಮನೆಬಳಕೆಯ ವಿಂಡೋಸ್ 10ಕ್ಕೆ ಅದರ ಗಡುವು 2026ರ ಅಕ್ಟೋಬರ್ 13.