ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ಬಾಲ ಹಿಡಿಯುವುದು ಹೇಗೆ?

ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಆಗ ಜಗಲಿಯಲ್ಲಿ ಕೂತ ಟ್ಯೂಶನ್ ಮಕ್ಕಳಿಗೆ ನಾನು ಕೊಡುವ ಲೆಕ್ಕ ಇದು. ಪೆನ್ಸಿಲ್ಲು, ಪಟ್ಟಿ ಇದ್ದರೆ ಸಾಕು.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬವರು ಒಂದು ಭಾರೀ ಅವಿಭಾಜ್ಯ ಸಂಖ್ಯೆ ಪತ್ತೆ ಮಾಡಿದರು. 2ರ 13,62,79,841ನೇ ಘಾತದಿಂದ 1 ಕಳೆದರೆ ಅದು ಸಿಗುತ್ತದೆ. ಅದರಲ್ಲಿ 4,10,24,320 ಅಂಕಿಗಳಿವೆ. ಕೈಯಲ್ಲಿ ಬರೆದು ಮುಗಿಯುವ ಮಾತಲ್ಲ. ಆದರೂ ಅದರ ಕೊನೆ ಹೇಗಿದೆ ಎಂದು ನಾವೇ ಹೇಳಬಹುದು.

2, 4, 8, 16, 32, 64 ಎಂದು ಬರೆಯುತ್ತಾ ಹೋಗಿ. ಕೊನೆಯ ಅಂಕಿ 2, 4, 8, 6 ಎಂದು ಸುತ್ತು ಹಾಕುತ್ತದೆ. ಘಾತವನ್ನು 4ರಿಂದ ಭಾಗಿಸಿ. ಕೊನೆಯ 41 ನೋಡಿದರೆ ಸಾಕು, ಶೇಷ 1. ಹಾಗಾಗಿ ಸುತ್ತಿನ ಮೊದಲ ಅಂಕಿ, 2. ಒಂದು ಕಳೆದರೆ 1. ಕೊನೆಯ ಎರಡು ಅಂಕಿ ಬೇಕಾದರೆ ಸುತ್ತು 20ರದ್ದು. ಶೇಷ ಮತ್ತೆ 1. ಆದರೆ ಶುರುವಿನ 02 ಈ ಸುತ್ತಿಗೆ ಸೇರುವುದಿಲ್ಲ. ಅದಕ್ಕೇ 21ನೇ ಘಾತ ನೋಡಿ: 20,97,152. ಕೊನೆಗೆ 52, ಒಂದು ಕಳೆದರೆ 51.

"ಅಕ್ಕೋರೇ, 51 ಅವಿಭಾಜ್ಯ ಅಲ್ವಲ್ಲ?" ಎಂದು ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. 51 ಅಂದರೆ 3 ಗುಣಿಸು 17. ಬಾಲ ನೋಡಿ ಅವಿಭಾಜ್ಯ ಎನ್ನಲಾಗದು. ಅದಕ್ಕೆ ಲ್ಯೂಕಾ–ಲೆಹ್ಮರ್ ಪರೀಕ್ಷೆ ಬೇಕು. ಆ ದೊಡ್ಡ ಸಂಖ್ಯೆಯನ್ನು ಖಚಿತ ಮಾಡಿದ್ದೂ ಇದರಿಂದಲೇ.

127ರ ಮೇಲೆ ಮಾಡಿ ನೋಡಿ. ಅದು 2ರ 7ನೇ ಘಾತಕ್ಕಿಂತ 1 ಕಮ್ಮಿ. (ಘಾತ ಬೆಸವಾಗಿರಬೇಕು, ತಾನೂ ಅವಿಭಾಜ್ಯವಾಗಿರಬೇಕು.) 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಮ್ಮಿ ಸಲ, ಅಂದರೆ 5 ಸಲ ಹೀಗೆ ಮಾಡಿ. 14, 67, 42, 111, 0. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 111ರ ವರ್ಗದಿಂದ 2 ಕಳೆದ 12,319 ಸರಿಯಾಗಿ 127ರ 97 ಪಟ್ಟು! ಈ ಸಾಲಿಗೆ ಬಂದಾಗ ಮಕ್ಕಳ ಮುಖ ನೋಡುವುದೇ ನನಗೆ ಖುಷಿ. 1876ರಲ್ಲಿ ಎದುವಾರ್ ಲ್ಯೂಕಾ ಅವರು 39 ಅಂಕಿಯ ಸಂಖ್ಯೆಯೊಂದು ಅವಿಭಾಜ್ಯ ಎಂದು ಕೈಲೆಕ್ಕದಲ್ಲೇ ತೋರಿಸಿದ್ದರು.

ಮುಂದೆ 11ನೇ ಘಾತದ 2,047 ಮಾಡಿ. ಇದು 23 ಗುಣಿಸು 89, ಸೊನ್ನೆ ಬರುವುದಿಲ್ಲ. ನಡುವೆ 1,877 ಸಿಗುತ್ತದೆ. ಅದರ ಬದಲು 2,047ರಿಂದ ಅದನ್ನು ಕಳೆದ 170 ಹಿಡಿದು ವರ್ಗ ಮಾಡಿ, ಶೇಷ ಬದಲಾಗದು, ಕೆಲಸ ಹಗುರ. ಒಂಬತ್ತನೇ ಸಲ 1,736 ಉಳಿಯಬೇಕು. ಬೇರೆ ಏನಾದರೂ ಬಂದರೆ ಮೂರನೇ ಸಾಲು ನೋಡಿ, ಅಲ್ಲಿ 788 ಇರಬೇಕು.